ಹಳೆಯ ಲ್ಯಾಪ್‌ಟಾಪ್‌ಗೆ ಹೊಸ ಬ್ಯಾಟರಿ: ಕೊಳ್ಳುವ ಮೊದಲು ಲೇಬಲ್ ಓದಿ

ಮಂಡ್ಯದಲ್ಲಿ ಓದುತ್ತಿರುವ ನನ್ನ ಅಕ್ಕನ ಮಗಳು ಆರು ವರ್ಷ ಹಳೆಯದಾದ ತನ್ನ ಲ್ಯಾಪ್‌ಟಾಪ್‌ಗೆಂದು ಆನ್‌ಲೈನ್‌ನಲ್ಲಿ ಬ್ಯಾಟರಿ ತರಿಸಿದಳು. ಲ್ಯಾಪ್‌ಟಾಪ್‌ನ ಮಾಡೆಲ್ ಹೆಸರು ಕೊಟ್ಟು ಹುಡುಕಿ, ಮೊದಲು ಕಂಡದ್ದನ್ನೇ ಕೊಂಡಿದ್ದಳು. ಹಳೆಯದು ನಾಲ್ಕು ಸೆಲ್ಲಿನದು (ಬ್ಯಾಟರಿಯೊಳಗಿನ ಬಿಡಿ ಘಟಕಗಳೇ ಸೆಲ್ಲುಗಳು), ಬಂದದ್ದು ಮೂರು ಸೆಲ್ಲಿನದು. ಕನೆಕ್ಟರ್ ಕೂಡ ಬೇರೆ. ಸೀಲ್ ಒಡೆದಿದೆ ಎಂದು ಮಾರಿದವರು ವಾಪಸು ಪಡೆಯಲಿಲ್ಲ. ಇದೇ ತಪ್ಪನ್ನು ಮೈಸೂರಿನ ನಮ್ಮ ಬೀದಿಯಲ್ಲೂ ಹಲವರು ಮಾಡಿದ್ದನ್ನು ನೋಡಿರುವುದರಿಂದ ಈ ಕೆಲಸವನ್ನು ಕ್ರಮವಾಗಿ ವಿವರಿಸುತ್ತಿದ್ದೇನೆ.

ಮೊದಲು, ದೋಷ ಬ್ಯಾಟರಿಯದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, 'ಬ್ಯಾಟರಿರಿಪೋರ್ಟ್' ಎಂದು ಸೇರಿಸಿದರೆ ಒಂದು ವರದಿ ಸಿದ್ಧವಾಗುತ್ತದೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ' ಹೊಸದಿದ್ದಾಗಿನ ಸಾಮರ್ಥ್ಯ, 'ಫುಲ್ ಚಾರ್ಜ್ ಕೆಪಾಸಿಟಿ' ಈಗಿನ ಸಾಮರ್ಥ್ಯ. ಎರಡನೆಯದು ಮೊದಲನೆಯದರ ಶೇ 60ಕ್ಕಿಂತ ಕೆಳಗಿಳಿದಿದ್ದರೆ ಬದಲಿಸಿ; ಶೇ 80ಕ್ಕಿಂತ ಮೇಲಿದ್ದರೆ ಚಾರ್ಜರ್ ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಕಡೆ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳದ ಮುಚ್ಚಳ ಉಬ್ಬಿದ್ದರೆ ವರದಿಗಾಗಿ ಕಾಯಬೇಡಿ. ಆ ಕ್ಷಣವೇ ಚಾರ್ಜಿಂಗ್ ನಿಲ್ಲಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ದಾರಿ.

ಜನ ಎಡವುವುದು ಇದರ ನಂತರದ ಹಂತದಲ್ಲಿ. ಒಂದೇ ಮಾಡೆಲ್ ಹೆಸರಿನ ಲ್ಯಾಪ್‌ಟಾಪ್‌ಗೆ ಕಂಪನಿಗಳು ಎರಡು ಮೂರು ಬಗೆಯ ಬ್ಯಾಟರಿ ಹಾಕಿರುವುದುಂಟು. ಆದ್ದರಿಂದ ಲ್ಯಾಪ್‌ಟಾಪ್ ಹೆಸರನ್ನು ನಂಬದೆ, ಯಂತ್ರವನ್ನು ಆಫ್ ಮಾಡಿ, ಚಾರ್ಜರ್ ತೆಗೆದು, ತಳದ ಮುಚ್ಚಳ ಬಿಚ್ಚಿ, ಬ್ಯಾಟರಿಯ ಮೇಲಿನ ಲೇಬಲ್ಲನ್ನೇ ಓದಿ. ಸ್ಕ್ರೂಗಳ ಉದ್ದ ಒಂದೇ ಸಮನಾಗಿರುವುದಿಲ್ಲ. ಬಿಚ್ಚಿದ ಜಾಗಕ್ಕೆ ತಕ್ಕಂತೆ ಹಾಳೆಯ ಮೇಲೆ ಜೋಡಿಸಿಡಿ. ಲೇಬಲ್ ಮತ್ತು ಕನೆಕ್ಟರ್ ಎರಡರ ಫೋಟೊ ತೆಗೆದುಕೊಳ್ಳಿ.

ಲೇಬಲ್‌ನಲ್ಲಿ ಮೊದಲು ಹುಡುಕಬೇಕಾದದ್ದು ಪಾರ್ಟ್ ನಂಬರ್. ಎಚ್‌ಪಿಯಲ್ಲಿ ಅದು 'ಸ್ಪೇರ್ ಪಾರ್ಟ್ ನಂಬರ್', ಲೆನೊವೊದಲ್ಲಿ 'ಎಫ್‌ಆರ್‌ಯು', ಡೆಲ್‌ನಲ್ಲಿ 'ಟೈಪ್' ಎಂದಿರುತ್ತದೆ. ಹುಡುಕಾಟಕ್ಕೆ ಈ ಸಂಖ್ಯೆಯನ್ನೇ ಬಳಸಿ. ಎರಡನೆಯದು ವೋಲ್ಟೇಜ್. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಒಂದಕ್ಕೆ 3.6 ಅಥವಾ 3.7 ವೋಲ್ಟ್ ಎಂದು ಲೆಕ್ಕ ಹಿಡಿಯುವುದರಿಂದ, ಮೂರು ಸೆಲ್ ಸಾಲಾಗಿ ಜೋಡಿಸಿದರೆ 10.8 ಅಥವಾ 11.1, ನಾಲ್ಕು ಜೋಡಿಸಿದರೆ 14.4 ಅಥವಾ 14.8 ಎಂದು ಬರೆದಿರುತ್ತಾರೆ. ಹಾಗಾಗಿ 10.8 ಮತ್ತು 11.1ರ ನಡುವಿನ ವ್ಯತ್ಯಾಸಕ್ಕೆ ಗಾಬರಿಯಾಗಬೇಕಿಲ್ಲ, ಆದರೆ 11.1ರ ಜಾಗಕ್ಕೆ 14.8 ಎಂದಿಗೂ ಸಲ್ಲದು. ತೆಳು ಲ್ಯಾಪ್‌ಟಾಪ್‌ಗಳ 11.4 ಅಥವಾ 15.2 ವೋಲ್ಟಿನ ಬ್ಯಾಟರಿಗಳ ಸೆಲ್ಲುಗಳು ಹೆಚ್ಚಿನ ವೋಲ್ಟೇಜ್‌ವರೆಗೆ ಚಾರ್ಜ್ ಆಗುವಂಥವು. ಅಲ್ಲಿ ಹಳೆಯದರ ಮೇಲಿದ್ದ ಅಂಕಿಯನ್ನೇ ಕೊಳ್ಳಿ.

ಮೂರನೆಯದು ವಾಟ್-ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿಯ ಅಳತೆ. ಮಾರುವವರು ದೊಡ್ಡದಾಗಿ ತೋರಿಸುವುದು ಮಿಲಿಆಂಪ್-ಅವರ್ ಅನ್ನು. ಅದನ್ನು ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಮಾತ್ರ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. 11.1 ವೋಲ್ಟ್, 4400 ಮಿಲಿಆಂಪ್-ಅವರ್ ಎಂದರೆ ಸುಮಾರು 48.8 ವಾಟ್-ಅವರ್. ದುಂಡನೆಯ ಆರು ಸೆಲ್ಲುಗಳಿರುವ ಹಳೆಯ ಮಾದರಿಯ ಬ್ಯಾಟರಿಯಲ್ಲಿ ಒಂದೊಂದು ಸೆಲ್ಲಿನ ಸಾಮರ್ಥ್ಯ ಹೆಚ್ಚೆಂದರೆ 3500 ಮಿಲಿಆಂಪ್-ಅವರ್ ಆಸುಪಾಸು. ಎರಡೆರಡು ಜೊತೆಯಾಗಿ ಮೂರು ಸಾಲು ಇರುವುದರಿಂದ, ಜೊತೆಯಾದ ಎರಡರ ಅಂಕಿ ಮಾತ್ರ ಕೂಡಿ ಒಟ್ಟು 7000 ದಾಟುವುದು ಕಷ್ಟ. ಅಂಥದ್ದರ ಮೇಲೆ 10,000 ಎಂದು ಅಚ್ಚಾಗಿದ್ದರೆ ಅದು ಸುಳ್ಳು, ಮುಟ್ಟಬೇಡಿ. ಅನುಮಾನವಿದ್ದರೆ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿಸಿ: ಒಂದು ಸೆಲ್ಲೇ 45 ಗ್ರಾಂ ಆಸುಪಾಸು ತೂಗುವಾಗ, ಆರು ಸೆಲ್ಲಿನ ಬ್ಯಾಟರಿ 300 ಗ್ರಾಂನಷ್ಟು ಇರಲೇಬೇಕು. 200ಕ್ಕೇ ನಿಂತರೆ ಒಳಗೆ ಸೆಲ್ಲುಗಳು ಕಡಿಮೆಯಿವೆ.

ಕೊಳ್ಳುವುದಾದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಕೊಳ್ಳಿ. ಬೆಲೆ ಹೆಚ್ಚಾದರೂ ನನ್ನ ಸಲಹೆ ಅದೇ. ಅಲ್ಲಿ ಸಿಗದಿದ್ದರೆ, ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಗಳಿಗೆ ಹೋಗುವಾಗ ಹಳೆಯ ಬ್ಯಾಟರಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಎರಡನ್ನೂ ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಸ್ಕ್ರೂ ರಂಧ್ರ, ವೈರಿನ ಉದ್ದ, ಕನೆಕ್ಟರಿನ ಪಿನ್ನುಗಳನ್ನು ಎಣಿಸಿ ನೋಡಿ. 'ಇದೂ ಆಗುತ್ತೆ ಸಾರ್' ಎಂಬ ಮಾತಿಗೆ ಒಪ್ಪಬೇಡಿ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತಿನೊಂದಿಗೆ ಬ್ಯಾಟರಿ ಸುರಕ್ಷತೆಯ ಮಾನದಂಡದ ಸಂಖ್ಯೆ ಐಎಸ್ 16046 ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು; ಆ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ನಿಂತಲ್ಲೇ ಪರೀಕ್ಷಿಸಬಹುದು. ತಯಾರಾದ ದಿನಾಂಕವನ್ನೂ ಕೇಳಿ. ಬಳಸದೆ ಇಟ್ಟರೂ ಲಿಥಿಯಂ ಸೆಲ್ ಸವೆಯುತ್ತದೆ. ವರ್ಷಕ್ಕಿಂತ ಹಳೆಯದನ್ನು ನಾನು ಕೊಳ್ಳುವುದಿಲ್ಲ. ಹಳೆಯ ಪೆಟ್ಟಿಗೆಯೊಳಗೆ ಸೆಲ್ ಮಾತ್ರ ಬದಲಿಸಿಕೊಡುವ ಅಗ್ಗದ ದಾರಿಯೂ ಬೇಡ: ಒಳಗಿನ ನಿಯಂತ್ರಣ ಸರ್ಕ್ಯೂಟ್ ಹಳೆಯ ಲೆಕ್ಕವನ್ನೇ ಹಿಡಿದು ಕೂರಬಹುದು, ಕೆಲವೊಮ್ಮೆ ಶಾಶ್ವತವಾಗಿ ಲಾಕ್ ಆಗುವುದೂ ಉಂಟು.

ಜೋಡಿಸುವುದು ಸುಲಭ: ವೈರು ಹಿಡಿದು ಎಳೆಯದೆ ಕನೆಕ್ಟರನ್ನೇ ಹಿಡಿದು ಬಿಡಿಸಿ, ಹೊಸದನ್ನು ಕೂರಿಸಿ, ಮುಚ್ಚಳ ಹಾಕಿ. ಮೊದಲ ಬಾರಿ ಹನ್ನೆರಡು ಗಂಟೆ ಚಾರ್ಜ್ ಮಾಡಬೇಕೆಂಬುದು ಲಿಥಿಯಂಗೆ ಅನ್ವಯಿಸದು. ದಿನವಿಡೀ ಪ್ಲಗ್‌ನಲ್ಲೇ ಇರುವ ಯಂತ್ರವಾದರೆ, ಸೆಟ್ಟಿಂಗ್‌ನಲ್ಲಿ ಚಾರ್ಜ್ ಮಿತಿಯನ್ನು ಶೇ 80ಕ್ಕೆ ಇಡಿ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಇದು ವಿಶೇಷವಾಗಿ ಅಗತ್ಯ.

ಹಳೆಯ ಬ್ಯಾಟರಿಯ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೊಂಡ ಅಂಗಡಿಗೋ ಇ-ತ್ಯಾಜ್ಯ ಸಂಗ್ರಹಕಾರರಿಗೋ ಕೊಡಿ. ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಬೆಳಿಗ್ಗೆ ಮನೆ ಮುಂದೆ ಬರುವ ಕಸದ ಗಾಡಿಗೆ ಮಾತ್ರ ಹಾಕಬೇಡಿ: ಕಸದೊಳಗೆ ಜಜ್ಜಿಹೋದ ಲಿಥಿಯಂ ಸೆಲ್ ಹೊತ್ತಿಕೊಂಡರೆ, ಸುಡುವುದು ಅದನ್ನು ಬರಿಗೈಯಲ್ಲಿ ವಿಂಗಡಿಸುವ ಪೌರಕಾರ್ಮಿಕರ ಕೈ.