ಅಕ್ಕನನ್ನು ಊರಿಗೆ ಕಳಿಸಿಕೊಟ್ಟ ಬಗೆ

ಡಿಪಾರ್ಟ್‌ಮೆಂಟಿನ ಸೆಂಡ್ ಆಫ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಸೀರೆ, ಪಂಚೆ, ಡಿಜೆ, ತಲೆಗೊಂದು ಟೈಟಲ್, ಕೊನೆಗೆ ಪಲಾವು, ಐಸ್‌ಕ್ರೀಂ. ಎಲ್ಲ ಕಾಲೇಜಲ್ಲೂ ಇಷ್ಟೇ ಅಲ್ವಾ? ಆ ಗದ್ದಲದಲ್ಲಿ ಎಲ್ಲರನ್ನೂ ಒಟ್ಟಿಗೆ ಕಳಿಸಿಕೊಡಬಹುದು, ಒಬ್ಬರನ್ನು ಕಳಿಸಿಕೊಡಲು ಆಗುವುದಿಲ್ಲ.

ನನಗೆ ಬೇಕಾಗಿದ್ದವರು ಒಬ್ಬರೇ. ಜಿಯಾಲಜಿಯಲ್ಲಿ ನನಗಿಂತ ಒಂದು ವರ್ಷ ಸೀನಿಯರ್, ಹಾವೇರಿ ಕಡೆಯವರು. ಎಂಎಸ್ಸಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೊರಟಿದ್ದರು. ಮೊದಲ ವರ್ಷ ಮೈಕ್ರೋಸ್ಕೋಪಿನಲ್ಲಿ ನನಗೆ ಏನೂ ಕಾಣಿಸದಿದ್ದಾಗ ಪಕ್ಕಕ್ಕೆ ಬಂದು, 'ಸುಮ್ನ ಯಾಕ ಕುಂತೀಯವಾ, ಸ್ಟೇಜ್ (ಸ್ಲೈಡ್ ಇಡುವ ತಟ್ಟೆ) ತಿರುಗಿಸು' ಅಂದಿದ್ದರು. ಅಂದಿನಿಂದ ಅವರು ನನಗೆ ಅಕ್ಕ.

ಪಾರ್ಟಿ, ಕೇಕು ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಊರು ಬಿಡುವವರಿಗೆ ಸಾವಿರ ಕೆಲಸ ಇರುತ್ತವೆ. ಅದರಲ್ಲೇ ಜೊತೆಗಿರೋಣ ಅಂದುಕೊಂಡೆ. ಮೊದಲು ನೋ ಡ್ಯೂಸ್, ಅಂದರೆ ಕಾಲೇಜಿಗೆ ಏನೂ ಬಾಕಿ ಇಲ್ಲ ಅನ್ನುವ ಕಾಗದ. ಲೈಬ್ರರಿ, ಲ್ಯಾಬ್, ಸ್ಪೋರ್ಟ್ಸ್, ಆಫೀಸ್, ಎಚ್‌ಒಡಿ, ಎಲ್ಲರ ಸಹಿ ಬೇಕು. ಒಬ್ಬರು ಇದ್ದಾಗ ಇನ್ನೊಬ್ಬರು ಊಟಕ್ಕೆ ಹೋಗಿರುತ್ತಾರೆ. ಇಬ್ಬರಿದ್ದರೆ ಒಬ್ಬರು ಕ್ಯೂನಲ್ಲಿ ನಿಲ್ಲಬಹುದು, ಇನ್ನೊಬ್ಬರು ಜೆರಾಕ್ಸ್‌ಗೆ ಓಡಬಹುದು. ಬೇರೆ ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ ಮೈಗ್ರೇಷನ್ ಸರ್ಟಿಫಿಕೇಟ್ ಕೂಡ ಬೇಕು. ಅದಕ್ಕೆ ನಮ್ಮ ವಿಶ್ವವಿದ್ಯಾಲಯದ ಆಫೀಸ್ ಇರುವ ಬೆಂಗಳೂರಿನ ಸೆಂಟ್ರಲ್ ಕಾಲೇಜ್ ಆವರಣಕ್ಕೆ ಹೋಗಿ ಕಾದೆವು. ಇಷ್ಟು ದಿನದಲ್ಲಿ ಅಕ್ಕ ಮನೆಯ ಸಾಲದ ಬಗ್ಗೆ ಬಾಯಿಬಿಟ್ಟಿರಲಿಲ್ಲ. ಆ ಕೌಂಟರ್ ಮುಂದೆ ತಾವಾಗಿಯೇ ಹೇಳಿದರು. ಎದುರುಬದುರು ಕೂತು 'ಹೇಳಿ ಅಕ್ಕ' ಅಂದಿದ್ದರೆ ಖಂಡಿತ ಹೇಳುತ್ತಿರಲಿಲ್ಲ.

ಆಮೇಲೆ ಅಕ್ಕ ಇದ್ದ ಪಿಜಿ ರೂಮು ಖಾಲಿ ಮಾಡುವುದು. ಒಂದು ತಿಂಗಳು ಮುಂಚೆ ಹೇಳಿದ್ದರೂ ಓನರ್ ಪೇಂಟಿಂಗ್ ಅಂತ ಡೆಪಾಸಿಟ್‌ನಲ್ಲಿ ಹಿಡಿದುಕೊಂಡರು. ಬೆಂಗಳೂರಲ್ಲಿ ಇದೇನು ಹೊಸದಲ್ಲ ಬಿಡಿ. ಅಕ್ಕನ ಕಪಾಟಿನಲ್ಲಿ ಬಟ್ಟೆಗಿಂತ ಕಲ್ಲೇ ಜಾಸ್ತಿ ಇತ್ತು! ಸಂಡೂರಿನ ಹೆಮಟೈಟ್ (ಕಬ್ಬಿಣದ ಅದಿರು) ತುಂಡು ಒಂದೇ ಸಾಕು ಬ್ಯಾಗಿನ ಹೊಲಿಗೆ ಬಿಚ್ಚಿಸಲು. ಅದೇ ಗಾತ್ರದ ಗ್ರಾನೈಟಿನ ಹೆಚ್ಚುಕಮ್ಮಿ ಎರಡರಷ್ಟು ತೂಕ ಅದು. ಒಂದೊಂದನ್ನೂ ಕೈಗೆತ್ತಿಕೊಂಡು ಯಾವ ಫೀಲ್ಡ್ ಟ್ರಿಪ್ಪಿನದು, ಅವತ್ತು ಯಾರು ಜಾರಿ ಬಿದ್ದರು ಅಂತ ಮಾತಾಡುತ್ತಾ ಪೇಪರಿನಲ್ಲಿ ಸುತ್ತಿದೆವು. ಒಳಗೆ ಜಾಗದ ಹೆಸರು ಬರೆದ ಚೀಟಿ. ಚೀಟಿ ಇಲ್ಲದ ಸ್ಯಾಂಪಲ್ ಬರೀ ಕಲ್ಲು ಅಂತ ನಮ್ಮ ಮೇಷ್ಟ್ರು ಹೇಳುತ್ತಲೇ ಇರುತ್ತಾರೆ. ಒಳ್ಳೆಯವು ಡಿಪಾರ್ಟ್‌ಮೆಂಟ್ ಮ್ಯೂಸಿಯಮ್ಮಿಗೆ ಹೋದವು. ನಾಲ್ಕಾರು ನನಗೆ ಬಂದವು.

ಪುಸ್ತಕಗಳನ್ನು ಅಂಚೆಯಲ್ಲಿ ಕಳಿಸಿದೆವು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಜ್ಞಾನ ಪೋಸ್ಟ್ ಅಂತ ಶುರುಮಾಡಿತು. ಓದುವ ಪುಸ್ತಕಗಳಿಗೆ ಮಾತ್ರ. ಒಂದು ಕಟ್ಟು 5 ಕೆಜಿವರೆಗೆ ಇರಬಹುದು. ಶುರುವಿನಲ್ಲಿ ಇಟ್ಟ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ಮೇಲೆ ತೆರಿಗೆ. ನಿಧಾನಕ್ಕೆ ಹೋಗುತ್ತದೆ, ಆದರೆ ಕೊರಿಯರ್‌ಗೆ ಕೊಡುವ ದುಡ್ಡು ಉಳಿಯುತ್ತದೆ.

ನೆನಪಿಗೆ ಅಂತ ಅವೆನ್ಯೂ ರೋಡಿನಲ್ಲಿ ಒಂದು ದಪ್ಪ ರಟ್ಟಿನ ನೋಟ್‌ಬುಕ್ ತಂದೆ. ಆಟೋಗ್ರಾಫ್ ಅಂತ ಕೊಟ್ಟರೆ ಎಲ್ಲರೂ 'ಆಲ್ ದ ಬೆಸ್ಟ್, ಮರೀಬೇಡ' ಅಂತ ಗೀಚುತ್ತಾರೆ. ಅದಕ್ಕೇ ಒಂದೇ ಪ್ರಶ್ನೆ ಇಟ್ಟೆ: ಇವರಿಂದ ನೀವು ಕಲಿತದ್ದು ಏನು? ಬಂದ ಉತ್ತರಗಳೇ ಬೇರೆ. ಒಬ್ಬ ಜೂನಿಯರ್ 'ಹಾಸ್ಟೆಲ್ ಊಟ ಚೆನ್ನಾಗಿಲ್ಲ ಅಂತ ವಾರ್ಡನ್ ಮುಂದೆ ಹೆದರದೆ ಹೇಳೋದು' ಅಂತ ಬರೆದ. ಲ್ಯಾಬ್ ಅಟೆಂಡರ್ ಅಣ್ಣ ಬರೆಯಲು ಸಂಕೋಚಪಟ್ಟು ನನ್ನ ಕೈಲಿ ಬರೆಸಿದರು: 'ಈ ಹುಡುಗಿ ಸ್ಲೈಡ್ ವಾಪಸ್ ಜಾಗಕ್ಕೆ ಇಡ್ತಿತ್ತು. ಬೇರೆಯವರು ಇಡಲ್ಲ.' ಅಕ್ಕ ಈ ಪುಟ ಓದಿ ಜೋರಾಗಿ ನಕ್ಕರು, ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನ್ನ ಮಾತನ್ನು ಸ್ಟೇಷನ್ನಿಗೆ ಉಳಿಸಿಕೊಳ್ಳಲಿಲ್ಲ. ಹೊರಡುವ ಹಿಂದಿನ ದಿನ ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತಿದೆವು. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಈ ಜಾತಿಯ ಕಲ್ಲಿಗೆ ಪೆನಿನ್ಸುಲಾರ್ ನೈಸ್ (gneiss) ಅಂತ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್, 1916ರಲ್ಲಿ. ವಾಕಿಂಗ್ ಬಂದ ಹಿರಿಯರೊಬ್ಬರಿಗೆ ಅಕ್ಕ ಅದನ್ನೆಲ್ಲ ವಿವರಿಸುತ್ತಾ ನಿಂತರು. ಆ ಹಿರಿಯರು ಹೋದ ಮೇಲೆ ಬರೆದಿಟ್ಟುಕೊಂಡಿದ್ದ ಕಾಗದವನ್ನು ನಾನೇ ಓದಿದೆ. ನನಗೆ ಬಾಯಿ ತಡವರಿಸುತ್ತದೆ, ಬರೆದಿರದಿದ್ದರೆ ಅರ್ಧವೂ ಹೇಳುತ್ತಿರಲಿಲ್ಲ. ಅಕ್ಕ ಇಲ್ಲದಿದ್ದರೆ ಮೊದಲ ವರ್ಷವೇ ಕೋರ್ಸ್ ಬಿಡುತ್ತಿದ್ದೆ ಅನ್ನುವುದೂ ಅದರಲ್ಲಿತ್ತು. 'ಹುಚ್ಚಿ' ಅಂದರು ಅಕ್ಕ. ಅಲ್ಲಿಂದ ಗಾಂಧಿ ಬಜಾರಿಗೆ ಬಂದು, ವಿದ್ಯಾರ್ಥಿ ಭವನದ ಕ್ಯೂನಲ್ಲಿ ನಿಂತು ದೋಸೆ ತಿಂದೆವು. 1943ರಿಂದ ಇರುವ ಹೋಟೆಲ್. ಆದರೂ ಬೆಣ್ಣೆ ಕಮ್ಮಿ ಅಂತ ಅಕ್ಕನ ತಕರಾರು!

ಸ್ಟೇಷನ್ನಿನಲ್ಲಿ ನಿಜಕ್ಕೂ ಮಾತಿಗೆ ಜಾಗ ಇರಲಿಲ್ಲ. ರಾತ್ರಿಯ ರಾಣಿ ಚೆನ್ನಮ್ಮ ರೈಲು. ಅವರ ಅಪ್ಪ ಬಂದಿದ್ದರು, ಬ್ಯಾಗು ಸೀಟಿನ ಕೆಳಗೆ ಹೋಗುತ್ತಿರಲಿಲ್ಲ, ಪಕ್ಕದವರು ಬೈಯುತ್ತಿದ್ದರು. 'ಯಾವಾಗ್ಲಾದ್ರೂ ಸಿಗೋಣ' ಅಂತ ಮಾತ್ರ ನಾವು ಹೇಳಿಕೊಳ್ಳಲಿಲ್ಲ. ದಸರಾ ರಜೆಗೆ ಗದಗದ ಕಪ್ಪತಗುಡ್ಡ ಅಂತ ಅವರ ಅಪ್ಪನ ಎದುರೇ ಗೊತ್ತುಮಾಡಿಕೊಂಡೆವು. ಈಗ ಟಿಕೆಟ್ ಬುಕ್ ಮಾಡಿದ್ದೇನೆ. ಸುತ್ತಿಗೆ ಅವರೇ ತರುತ್ತಾರಂತೆ, ನಾನು ಒಳ್ಳೆಯ ಶೂ ಹಾಕಿಕೊಂಡು ಬರಬೇಕಂತೆ.