ಟೀಚರ್, ಇದು ಕೂಡೋದಾ ಕಳೆಯೋದಾ?

ತೀರ್ಥಹಳ್ಳಿ ಕಡೆ ಒಂದು ಕಿರಿಯ ಪ್ರಾಥಮಿಕ ಶಾಲೇಲಿ ನಾಲ್ಕು-ಐದನೇ ಕ್ಲಾಸಿಗೆ ಒಟ್ಟಿಗೇ ಕೂರಿಸ್ಕೊಂಡು ಗಣಿತ ಮಾಡ್ತೀನಿ, ಒಂದರಿಂದ ಮೂರರ ತನಕ ಚಟುವಟಿಕೆ ಮೂಲಕ ಕಲಿಸೋ ನಲಿ-ಕಲಿ, ಅದನ್ನ ಇನ್ನೊಬ್ರು ಟೀಚರ್ ನೋಡ್ಕೊಳ್ತಾರೆ. ನಮ್ಮ ಮಕ್ಕಳಿಗೆ ಮಗ್ಗಿ ಬರುತ್ತೆ, ದಶಕ ತಗೊಂಡು ಕಳೆಯೋದೂ ಬರುತ್ತೆ. ಆದ್ರೆ ಅದೇ ಲೆಕ್ಕಾನ ನಾಲ್ಕು ಸಾಲಿನ ವಾಕ್ಯ ಮಾಡಿ ಕೊಟ್ರೆ ಪೆನ್ಸಿಲ್ ಕೆಳಗಿಟ್ಟು ಕೇಳೋದು ಒಂದೇ ಪ್ರಶ್ನೆ, "ಟೀಚರ್, ಇದು ಕೂಡೋದಾ ಕಳೆಯೋದಾ?" ಈ ಪ್ರಶ್ನೆಗೆ ನಾನು ಉತ್ತರ ಹೇಳಬಾರ್ದು ಅಂತ ಗಟ್ಟಿ ಮಾಡ್ಕೊಂಡೆ. ಯಾಕಂದ್ರೆ ಅದನ್ನ ಕಂಡುಹಿಡಿಯೋದೇ ಲೆಕ್ಕ, ಅದು ನಾನೇ ಹೇಳಿದ್ರೆ ಮಗುವಿಗೆ ಉಳಿಯೋದು ಬರೀ ಕೂಲಿ ಕೆಲಸ.

"ಒಟ್ಟು" ಅಂತ ಬಂದ್ರೆ ಕೂಡು, "ಉಳಿದದ್ದು" ಅಂದ್ರೆ ಕಳೆ, "ಹೆಚ್ಚು" ಅಂದ್ರೆ ಕೂಡು ಅಂತ ಹೇಳ್ಕೊಡೋರು ತುಂಬಾ ಜನ ಇದಾರೆ, ಗೈಡಲ್ಲೂ ಇರುತ್ತೆ. ಇದು ಎಲ್ಲಿ ಕೈ ಕೊಡುತ್ತೆ ನೋಡಿ. "ಗೌರಕ್ಕನ ಕೊಟ್ಟಿಗೇಲಿ 15 ದನ ಇದಾವೆ, ಅದು ಶೇಷಣ್ಣನ ಕೊಟ್ಟಿಗೇಲಿ ಇರೋದಕ್ಕಿಂತ 6 ಹೆಚ್ಚು, ಶೇಷಣ್ಣನ ಹತ್ರ ಎಷ್ಟು?" ಹೆಚ್ಚು ಅಂತ ಇದೆಯಲ್ಲ, ತಟ್ಟನೆ 21 ಅಂತಾರೆ. ಎರಡು ಕೊಟ್ಟಿಗೆ ಚಿತ್ರ ಬರೆಸಿ, ಯಾರ ಹತ್ರ ಜಾಸ್ತಿ ಮೊದ್ಲು ತೋರ್ಸಿ ಅಂದ್ರೆ ಅವ್ರೇ 9 ಅಂತಾರೆ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಣ್ಣ ಕ್ಲಾಸಿನ ಮಕ್ಕಳಿಗೆ, ಹಡಗಲ್ಲಿ 26 ಕುರಿ 10 ಆಡು ಇದಾವೆ, ಕ್ಯಾಪ್ಟನ್ ವಯಸ್ಸೆಷ್ಟು ಅಂತ ಕೇಳಿದ್ರಂತೆ, 97 ಮಕ್ಕಳಲ್ಲಿ 76 ಮಕ್ಕಳು ಕೊಟ್ಟಿರೋ ಸಂಖ್ಯೆಗಳನ್ನೇ ಇಟ್ಕೊಂಡು ಏನೋ ಒಂದು ವಯಸ್ಸು ಹೇಳಿದ್ರು. ನಾನೂ ನಮ್ಮಲ್ಲಿ ದನ ಕರು ಇಟ್ಟು ಯಜಮಾನರ ವಯಸ್ಸು ಕೇಳ್ದೆ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕೂಡಿ ಕೊಟ್ರು. ಮಕ್ಕಳು ದಡ್ಡರಲ್ಲ, ಸ್ಕೂಲಲ್ಲಿ ಸಂಖ್ಯೆ ಕಂಡ್ರೆ ಏನಾದ್ರೂ ಮಾಡ್ಲೇಬೇಕು ಅಂತ ನಾವೇ ರೂಢಿ ಮಾಡ್ಸಿರ್ತೀವಿ.

ಹಾಗಾಗಿ ಸಂಖ್ಯೆಗಳನ್ನೇ ತೆಗೆದು ಹಾಕ್ದೆ. ಬೋರ್ಡಲ್ಲಿ ಬರೀ ಕಥೆ ಬರೀತೀನಿ: "ಸರೋಜಕ್ಕ ರಾತ್ರಿ ಅಡಿಕೆ ಸುಲಿಯೋಕೆ ಹೋದ್ರು. ವಾರದ ಕೊನೇಲಿ ದುಡ್ಡು ಸಿಕ್ತು. ಅದ್ರಲ್ಲಿ ಅಂಗಡಿ ಸಾಲ ಕೊಟ್ರು." ಅಷ್ಟೇ, ಪ್ರಶ್ನೆ ಕೂಡ ಇಲ್ಲ. ಈಗ ನೀವು ಕೇಳಿ, ನಿಮಗೆ ಏನು ಗೊತ್ತಾಗ್ಬೇಕು ಅಂತೀನಿ. ಕೊಯ್ಲಿನ ಟೈಮಲ್ಲಿ ನಮ್ಮೂರಲ್ಲಿ ಮನೆಮನೇಲೂ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂತಿರ್ತಾರೆ, ಮಕ್ಕಳಿಗೆ ಇದು ಪುಸ್ತಕದ ವಿಷಯ ಅಲ್ಲ. ಕೆಜಿ ಲೆಕ್ಕನಾ ಡಬ್ಬದ ಲೆಕ್ಕನಾ, ರೇಟೆಷ್ಟು, ಎಷ್ಟು ದಿನ ಹೋದ್ರು, ದಿನಾ ಒಂದೇ ಸಮ ಸುಲಿದ್ರಾ ಅಂತ ಶುರು ಮಾಡ್ತಾರೆ, ಒಬ್ಬಳು ಹುಡುಗಿ "ಕರೆಂಟ್ ಹೋದ ದಿನ ಕಮ್ಮಿ ಆಗಿರುತ್ತಲ್ಲ ಟೀಚರ್" ಅಂದ್ಲು. ಅವ್ರು ಕೇಳಿದ್ದಕ್ಕೆ ಮಾತ್ರ ನಾನು ಸಂಖ್ಯೆ ಕೊಡೋದು. ಅಷ್ಟೊತ್ತಿಗೆ ಗುಣಿಸೋದಾ ಕಳೆಯೋದಾ ಅಂತ ಯಾರೂ ಕೇಳಲ್ಲ, ಕಥೆ ತಲೇಲಿ ಕೂತಿರುತ್ತೆ. ಪೋಲ್ಯಾ ಅನ್ನೋ ಗಣಿತಜ್ಞರು 1945ರಲ್ಲೇ ಲೆಕ್ಕ ಬಿಡಿಸೋಕೆ ನಾಲ್ಕು ಹೆಜ್ಜೆ ಹೇಳಿದಾರೆ, ಅರ್ಥ ಮಾಡ್ಕೊ, ಹೇಗೆ ಮಾಡೋದು ಅಂತ ಯೋಜನೆ ಹಾಕು, ಅದ್ರಂತೆ ಮಾಡು, ಹಿಂದೆ ತಿರುಗಿ ನೋಡು ಅಂತ. ನಮ್ಮ ಕ್ಲಾಸುಗಳಲ್ಲಿ ಮೂರನೇದು ಒಂದೇ ನಡೀತಿತ್ತು.

ನನಗೆ ತುಂಬಾ ಇಷ್ಟ ಆಗಿದ್ದು ಗುಂಟೆ ಲೆಕ್ಕ. 33 ಅಡಿ ಉದ್ದ 33 ಅಡಿ ಅಗಲ ಇದ್ರೆ ಒಂದು ಗುಂಟೆ, ಅಂದ್ರೆ 1089 ಚದರ ಅಡಿ, ಅಂಥ 40 ಸೇರಿದ್ರೆ ಎಕರೆ, ಎಲ್ಲರ ಮನೇಲೂ ಈ ಮಾತು ಓಡಾಡ್ತಿರುತ್ತೆ ಆದ್ರೆ ಒಂದು ಗುಂಟೆ ಎಷ್ಟು ದೊಡ್ಡದು ಅಂತ ಮಕ್ಕಳಿಗೆ ಅಂದಾಜಿಲ್ಲ. ಮೈದಾನದಲ್ಲಿ ಹಗ್ಗ ಹಿಡ್ಕೊಂಡು ಅಳೆದು ನಾಲ್ಕು ಮೂಲೆಗೆ ಗೂಟ ಹೊಡೆದ್ವಿ. ಅಡಿಕೆ ಗಿಡ 9 ಅಡಿಗೊಂದು ಹಾಕೋದು, ಈ ಗುಂಟೇಲಿ ಎಷ್ಟು ಗಿಡ ಹಿಡಿಯುತ್ತೆ ಅಂತ ಕೇಳ್ದೆ. ಐದನೇ ಕ್ಲಾಸಿನ ಒಂದು ಗುಂಪು ಒಂದು ಗಿಡಕ್ಕೆ 9×9, 81 ಚದರ ಅಡಿ ಅಂತ ಭಾಗಿಸಿ 13 ಅಂದ್ರು, ಶೇಷ 36. ಇನ್ನೊಂದು ಗುಂಪು ಕಲ್ಲು ಇಟ್ಕೊಂಡು ಹೋದ್ರು, ಅಂಚಿಂದಾನೇ ಶುರು ಮಾಡಿ 0, 9, 18, 27, ಒಂದು ಸಾಲಿಗೆ ನಾಲ್ಕು, ಒಟ್ಟು 16. ಇಬ್ರೂ ಜಗಳ. ಆಗ ಒಬ್ಬ ಹುಡುಗ "ಬೇಲಿ ಮೇಲೆ ಯಾರು ಗಿಡ ನೆಡ್ತಾರೆ, ಪಕ್ಕದ ಮನೆಯೋರು ಬಿಡ್ತಾರಾ" ಅಂದ, ಸರಿ ಸುತ್ತಲೂ ನಾಲ್ಕೂವರೆ ಅಡಿ ಬಿಟ್ಟು ಕಲ್ಲಿಟ್ರು, ಸಾಲಿಗೆ ಮೂರೇ ಹಿಡೀತು, 9 ಆಯ್ತು. ಒಂದೇ ಜಾಗಕ್ಕೆ 9, 13, 16! ಯಾವುದೂ ತಪ್ಪು ಲೆಕ್ಕ ಅಲ್ಲ, ಅಂಚನ್ನ ಏನು ಮಾಡ್ತೀವಿ ಅನ್ನೋದ್ರ ಮೇಲೆ ಹೋಗುತ್ತೆ. ಆಮೇಲೆ ಪೂರ್ತಿ ಎಕರೆಗೆ ಮಾಡಿದ್ರೆ 43,560ನ್ನ 81ರಿಂದ ಭಾಗಿಸಿ 537 ಬರುತ್ತೆ, ಅಲ್ಲಿ ಅಂಚಿನ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣಲ್ಲ ಯಾಕೆ ಅಂತ ಕೇಳಿ ಬಿಟ್ಟೆ. ಅವತ್ತು ಪುಸ್ತಕದ ಪಾಠ ಒಂದು ಪುಟಾನೂ ಮುಂದೆ ಹೋಗ್ಲಿಲ್ಲ, ಅದಕ್ಕೆ ನನಗೆ ಒಂಚೂರೂ ಬೇಜಾರಿಲ್ಲ.

ಶೇಷದ್ದೂ ಹೀಗೇ. 38 ಜನ ಜೋಗಕ್ಕೆ ಹೋಗೋದು, ಒಂದು ಜೀಪಿಗೆ 9 ಜನ, ಎಷ್ಟು ಜೀಪು ಬೇಕು ಅಂದ್ರೆ "4 ಜೀಪು, ಶೇಷ 2" ಅಂತ ಬರೀತಾರೆ. ಆ ಇಬ್ರು ಯಾರು, ಹೆಸರು ಹೇಳು ಅಂದ್ರೆ ಸಾಕು, ಐದನೇ ಜೀಪು ತಾನೇ ಬರುತ್ತೆ.

ಇದೆಲ್ಲ ಮಾಡಿದ್ರೂ ಕೈಗೆ ಅಭ್ಯಾಸ ಬೇಕೇ ಬೇಕು, ಬರೀ ಮಾತಲ್ಲಿ ಕಳೆಯೋದು ಬರಲ್ಲ. ಅದಕ್ಕೆ ನಾನು ಕಾಪ್ರೇಕರ್ ಲೆಕ್ಕ ಕೊಡ್ತೀನಿ, ಅವರೂ ಮಹಾರಾಷ್ಟ್ರದಲ್ಲಿ ಸ್ಕೂಲ್ ಮೇಷ್ಟ್ರಾಗಿದ್ದೋರು. ಎಲ್ಲಾ ಒಂದೇ ಅಂಕಿ ಅಲ್ಲದ ಯಾವುದಾದ್ರೂ ನಾಲ್ಕಂಕಿ ಸಂಖ್ಯೆ ತಗೊಳ್ಳಿ, ಉದಾಹರಣೆಗೆ 3524, ಇಳಿಕೆ ಕ್ರಮದಲ್ಲಿ ಬರೆದು ಏರಿಕೆ ಕ್ರಮದ್ದನ್ನ ಕಳೀರಿ, 5432-2345=3087, ಮತ್ತೆ 8730-0378=8352, ಮತ್ತೆ 8532-2358=6174, ಇಲ್ಲಿ ನಿಂತ್ಬಿಡುತ್ತೆ. ಯಾವುದ್ರಿಂದ ಶುರು ಮಾಡಿದ್ರೂ ಏಳು ಸಲದೊಳಗೆ 6174ಕ್ಕೆ ಬರುತ್ತೆ. ಬರ್ಲಿಲ್ಲ ಅಂದ್ರೆ ಎಲ್ಲೋ ದಶಕ ತಪ್ಪಿದೆ ಅಂತ ಮಗುವಿಗೇ ಗೊತ್ತಾಗುತ್ತೆ, ನಾನು ಕೆಂಪು ಪೆನ್ ಹಿಡಿಯೋ ಕೆಲಸಾನೇ ಇಲ್ಲ.

ಎಲ್ಲಾ ದಿನ ಇದನ್ನೇ ಮಾಡೋಕಾಗಲ್ಲ, ಎರಡು ಕ್ಲಾಸು, ದಾಖಲೆ ಕೆಲಸ, ಬಿಸಿಯೂಟ ಎಲ್ಲಾ ಇರುತ್ತಲ್ಲ, ಬೆಳಿಗ್ಗೆ ಮೊದಲ ಪಿರಿಯಡ್ಡಲ್ಲಿ ಒಂದು ಕಥೆ, ಹದಿನೈದು ನಿಮಿಷ, ಅಷ್ಟು ಮಾತ್ರ ತಪ್ಪಿಸಲ್ಲ. ನೋಟ್ಸ್ ತುಂಬಿಲ್ಲ ಅಂತ ಕೆಲವು ತಂದೆ ತಾಯಿ ಕೇಳಿದ್ರು, ಅವ್ರನ್ನೂ ಒಂದಿನ ಕೂರಿಸ್ಕೊಂಡು ಗುಂಟೆ ಲೆಕ್ಕ ಮಕ್ಕಳ ಕೈಲೇ ಹೇಳ್ಸಿದೆ, ಆಮೇಲೆ ಆ ಮಾತು ಬಂದಿಲ್ಲ.

ಈ ಜೂನಿಗೆ ಮಳೆ ಅಳೆಯೋದು ಅಂತ ಮಾತಾಗಿದೆ. ನಮ್ಮ ತಾಲ್ಲೂಕಿನ ಆಗುಂಬೇಲೇ ವರ್ಷಕ್ಕೆ 7000 ಮಿಲಿಮೀಟರ್ ದಾಟೋ ಮಳೆ, ಸ್ಕೂಲಲ್ಲಿ ಎಷ್ಟು ಬೀಳುತ್ತೆ ನಾವೇ ನೋಡಣ ಅಂತ ನೆಟ್ಟಗಿರೋ ಬಾಟ್ಲಿ ಕತ್ತರಿಸಿ ಸ್ಕೇಲ್ ಅಂಟ್ಸಿದಾರೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು ಅಂತ ಹೇಳಿದ್ದೇ ತಡ, ಹೆಂಚಿನ ಮಾಡಿನ ನೀರು ಟ್ಯಾಂಕಿಗೆ ತಿರುಗಿಸಿದ್ರೆ ಎಷ್ಟಾಗುತ್ತೆ ಅಂತ ಶುರು ಆಗಿದೆ. ಈಗ ವಾದ ನಡೀತಿರೋದು, ಇಳಿಜಾರಿನ ಉದ್ದಕ್ಕೆ ಹೆಂಚಿನ ಮೇಲೆ ಅಳೀಬೇಕಾ ಅಥವಾ ಕೆಳಗೆ ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತೋ ಅಷ್ಟೇ ಅಳೆದ್ರೆ ಸಾಕಾ ಅಂತ.