ಮಕ್ಕಳ ಜೊತೆ ವಾರಾಂತ್ಯದ ಪ್ರವಾಸ: ಮೊದಲು ನಿದ್ದೆ-ಊಟದ ಲೆಕ್ಕ, ಆಮೇಲೆ ಜಾಗದ ಮಾತು

ಎರಡು ದಿನ ಎಲ್ಲಾದರೂ ಹೋಗಿಬರೋಣ ಎಂದ ತಕ್ಷಣ ನಾವು ಮೊದಲು ಮಾಡುವುದು ನೋಡಬೇಕಾದ ಜಾಗಗಳ ಪಟ್ಟಿ. ಜೊತೆಗೆ ಮಕ್ಕಳಿದ್ದರೆ ಆ ಪಟ್ಟಿ ಕೊನೆಗಿರಲಿ. ಮೊದಲು ಮಗುವಿನ ಒಂದು ದಿನವನ್ನು ಬರೆದುಕೊಳ್ಳಿ. ಬೆಳಿಗ್ಗೆ ಎಷ್ಟೊತ್ತಿಗೆ ಏಳುತ್ತದೆ, ಯಾವಾಗ ಹಸಿವಾಗುತ್ತದೆ, ಮಧ್ಯಾಹ್ನ ಮಲಗುತ್ತದೋ ಇಲ್ಲವೋ, ಸಂಜೆ ಯಾವ ಹೊತ್ತಿಗೆ ಹಟ ಶುರುವಾಗುತ್ತದೆ. 1ರಿಂದ 2 ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. 3ರಿಂದ 5 ವರ್ಷದವರಿಗೆ 10ರಿಂದ 13 ಗಂಟೆ. ಶಾಲೆಗೆ ಹೋಗುವ ಮಕ್ಕಳಿಗೂ 9 ಗಂಟೆಗೆ ಕಡಿಮೆ ಆಗಬಾರದು. ಇದನ್ನೆಲ್ಲ ಕಳೆದ ಮೇಲೆ ಉಳಿಯುವ ಸಮಯ ಎಷ್ಟು ಅಂತ ನೋಡಿ. ನಿಮ್ಮ ಪ್ರವಾಸ ಅಷ್ಟರಲ್ಲೇ ಆಗಬೇಕು.

ದೂರವನ್ನು ಗಂಟೆಯಲ್ಲಿ ಅಳೆಯಿರಿ

ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ. ಮೊಬೈಲಿನ ಮ್ಯಾಪ್ 3 ಗಂಟೆ ಎಂದು ತೋರಿಸಿದರೆ, ಅದು ಎಲ್ಲೂ ನಿಲ್ಲದೆ ಹೋಗುವವರ ಲೆಕ್ಕ. ಮಕ್ಕಳಿದ್ದರೆ 2 ಗಂಟೆಗೊಮ್ಮೆಯಾದರೂ ನಿಲ್ಲಿಸಬೇಕು. ಇಳಿದು ಓಡಾಡಿ, ಮೂತ್ರ ಮಾಡಿಸಿ, ನೀರು ಕುಡಿಸಿ ಮತ್ತೆ ಹತ್ತಿಸುವಷ್ಟರಲ್ಲಿ ಅರ್ಧ ಗಂಟೆ ಸುಲಭವಾಗಿ ಹೋಗುತ್ತದೆ. 5 ವರ್ಷದೊಳಗಿನ ಮಕ್ಕಳಿದ್ದರೆ ಮನೆ ಬಾಗಿಲಿನಿಂದ ರೂಮಿನ ಬಾಗಿಲಿಗೆ ಒಟ್ಟು 3 ಗಂಟೆ ಸಾಕು ಎಂದು ನನ್ನ ಅಭಿಪ್ರಾಯ. ದೊಡ್ಡ ಮಕ್ಕಳಾದರೆ 4. ಅದಕ್ಕಿಂತ ದೂರದ ಜಾಗವನ್ನು ಉದ್ದ ರಜೆಗೆ ಎತ್ತಿಡಿ.

ಶುಕ್ರವಾರ ರಾತ್ರಿಯೇ ಹೊರಟರೆ ಮಕ್ಕಳು ನಿದ್ದೆ ಮಾಡುತ್ತಾರೆ, ದಾರಿ ಸಾಗಿದ್ದೇ ಗೊತ್ತಾಗಲ್ಲ ಅಂತ ಹಲವರು ಹೇಳುತ್ತಾರೆ. ಮಕ್ಕಳು ಮಲಗುತ್ತಾರೆ, ನಿಜ. ಆದರೆ ಇಡೀ ದಿನ ದುಡಿದು ಬಂದು ಗಾಡಿ ಓಡಿಸುವವರಿಗೂ ನಿದ್ದೆ ಬರುತ್ತದಲ್ವಾ? ಶನಿವಾರ ಬೆಳಗಿನ ಜಾವ ಹೊರಡುವುದೇ ಮೇಲು. ಇಲ್ಲವೇ ಮಗು ಮಧ್ಯಾಹ್ನ ಮಲಗುವ ಹೊತ್ತಿಗೆ ಸರಿಯಾಗಿ ಹೊರಡಿ. ಆದರೆ ತೊಡೆಯ ಮೇಲೆ ಮಲಗಿಸಿಕೊಂಡು ಕಾರಿನಲ್ಲಿ ಹೋಗುವುದು ಬೇಡ. ಜೋರಾಗಿ ಬ್ರೇಕ್ ಬಿದ್ದರೆ ಎಂಥ ಗಟ್ಟಿ ಕೈಯೂ ಮಗುವನ್ನು ಹಿಡಿದಿಡಲಾರದು. ವಯಸ್ಸಿಗೆ, ತೂಕಕ್ಕೆ ಹೊಂದುವ ಮಕ್ಕಳ ಸೀಟು ಹಿಂದಿನ ಸೀಟಿನಲ್ಲಿರಲಿ.

ವಾಂತಿಯ ಸಮಸ್ಯೆ ಇದ್ದರೆ

ಒಂದು ವಾಂತಿ ಇಡೀ ಶನಿವಾರವನ್ನು ಹಾಳು ಮಾಡಬಲ್ಲದು. ಹಾಗಾಗಿ ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಪ್ರಯಾಣದ ವಾಂತಿ 2ರಿಂದ 12 ವರ್ಷದ ಮಕ್ಕಳಲ್ಲಿ ಹೆಚ್ಚು. ಗಾಡಿ ಅಲುಗಾಡುವುದು ಒಳಕಿವಿಗೆ ಗೊತ್ತಾಗುತ್ತದೆ. ಕಣ್ಣು ಮಾತ್ರ ಪುಸ್ತಕದ ಮೇಲೋ ಮೊಬೈಲಿನ ಮೇಲೋ ನೆಟ್ಟಿದ್ದರೆ ಅದಕ್ಕೆ ಏನೂ ಅಲುಗಾಡಿದಂತೆ ಕಾಣುವುದಿಲ್ಲ. ಎರಡು ಕಡೆಯಿಂದ ಎರಡು ಸುದ್ದಿ ಬಂದು ಮೆದುಳಿಗೆ ಗಲಿಬಿಲಿ. ಮಗು ಸುಮ್ಮನಿರಲಿ ಎಂದು ಕೈಗೆ ಮೊಬೈಲ್ ಕೊಟ್ಟರೆ, ತಿರುವಿನ ರಸ್ತೆಯಲ್ಲಿ ನಾವೇ ವಾಂತಿಗೆ ದಾರಿ ಮಾಡಿಕೊಟ್ಟ ಹಾಗೆ.

ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಖಾಲಿ ಹೊಟ್ಟೆಯಲ್ಲೂ ಕೂರಿಸಬೇಡಿ. ಎಣ್ಣೆ ಪದಾರ್ಥ ಬಿಟ್ಟು ಹಗುರವಾದದ್ದು ಏನಾದರೂ ಸಾಕು. ಕಿಟಕಿಯಿಂದ ದೂರದ ಗುಡ್ಡ, ಮರ ನೋಡುವ ಆಟ ಆಡಿಸಿ. ಮೂವತ್ತು ಕೆಂಪು ಗಾಡಿ ಎಣಿಸು ಎಂದರೂ ಆಯಿತು. ಮಾತಾಡುತ್ತಿದ್ದ ಮಗು ತಟ್ಟನೆ ಸುಮ್ಮನಾಗಿ, ಮುಖ ಬಿಳಿಚಿಕೊಂಡು, ಆಕಳಿಸತೊಡಗಿದರೆ ತಡಮಾಡದೆ ಗಾಡಿ ನಿಲ್ಲಿಸಿ ಗಾಳಿಗೆ ಇಳಿಸಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹೆಚ್ಚಿನವನ್ನು ಹೊರಡುವ ಅರ್ಧದಿಂದ ಒಂದು ಗಂಟೆ ಮುಂಚೆಯೇ ಕೊಡಬೇಕು. ಯಾವುದು, ಎಷ್ಟು ಎಂದು ಮಕ್ಕಳ ಡಾಕ್ಟರನ್ನೇ ಕೇಳಿ. ದೊಡ್ಡವರ ಮಾತ್ರೆಯನ್ನು ಮುರಿದು ಅರ್ಧ ಕೊಡುವ ಜಾಣತನ ಬೇಡ.

ಬೆಟ್ಟ ಹತ್ತಿ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದೆ. ಎಳೆ ಮಗುವಿಗೆ ಆಗ ಹಾಲು ಕುಡಿಸಿ. ನುಂಗಿದಾಗ ಕಿವಿ ಬಿಡುತ್ತದೆ. ದೊಡ್ಡವರಿಗೆ ಗುಟುಕು ಗುಟುಕಾಗಿ ನೀರು.

ರೂಮಿಗೆ ಫೋನ್ ಮಾಡಿ ಕೇಳಿ

ಫೋಟೋಗಳು ಎಲ್ಲ ಕಡೆ ಚೆನ್ನಾಗಿಯೇ ಇರುತ್ತವೆ. ಬುಕ್ ಮಾಡುವ ಮುಂಚೆ ಒಂದು ಫೋನ್ ಮಾಡುವುದು ಒಳ್ಳೆಯದು. ನೆಲಮಹಡಿಯ ರೂಮು ಸಿಗುತ್ತದಾ? ಬಾಲ್ಕನಿ ಇದ್ದರೆ ಕಂಬಿಗಳ ನಡುವೆ ಮಗು ತೂರುವಷ್ಟು ಜಾಗ ಇದೆಯಾ? ಈಜುಕೊಳಕ್ಕೆ ಬೇಲಿ, ಗೇಟು ಇದೆಯಾ? ಬಿಸಿನೀರು ಯಾವ ಹೊತ್ತಿಗೆ ಬರುತ್ತದೆ? ರಾತ್ರಿ ಊಟ ಬೇಗ ಕೊಡುತ್ತಾರಾ? ಈ ಕೊನೆಯದನ್ನು ಮರೆಯಬೇಡಿ. ಮಕ್ಕಳು ಹಸಿದು ತೂಕಡಿಸುವ ಹೊತ್ತಿಗೆ ಅಡುಗೆಮನೆ ಇನ್ನೂ ಶುರುವಾಗದ ಜಾಗಗಳು ಬೇಕಾದಷ್ಟಿವೆ. ಕ್ಯಾನ್ಸಲ್ ಮಾಡಿದರೆ ಹಣ ವಾಪಸ್ ಬರುತ್ತದೆಯೇ ಎಂದೂ ಕೇಳಿ. ಮಕ್ಕಳ ಜ್ವರಕ್ಕೆ ಶುಕ್ರವಾರ ರಾತ್ರಿ ಅಂದರೆ ಬಹಳ ಇಷ್ಟ.

ದಿನಕ್ಕೆ ಒಂದೇ ದೊಡ್ಡ ಕೆಲಸ

ಬೆಳಿಗ್ಗೆ ಒಂದು ಜಾಗ ನೋಡಿ. ಮಧ್ಯಾಹ್ನ ರೂಮಿಗೆ ವಾಪಸ್. ಸಂಜೆಗೆ ಏನನ್ನೂ ಇಟ್ಟುಕೊಳ್ಳಬೇಡಿ. ಇಷ್ಟು ದೂರ ಬಂದು ಸುಮ್ನೆ ಕೂತಿರಬೇಕಾ ಅನ್ನಿಸಬಹುದು. ಕೂತಿರಿ. ಮಕ್ಕಳಿಗೆ ಮಣ್ಣು, ಕಲ್ಲು, ನೀರು, ಒಂದು ಇರುವೆ ಸಾಲು ಸಿಕ್ಕರೆ ಸಾಕು, ದೊಡ್ಡವರ ನೋಟದ ಜಾಗಗಳು ಅವರಿಗೆ ಬೇಕಿಲ್ಲ. ಎಲ್ಲಿಗೆ ಹೋಗೋಣ ಎಂದು ಮಗುವನ್ನು ಕೇಳಿದರೆ ಚಂದ್ರನ ಹೆಸರು ಬರಬಹುದು. ಅದರ ಬದಲು ಕೆರೆಯಾ, ಕಾಡಿನ ಕಾಲುದಾರಿಯಾ ಎಂದು ಎರಡರಲ್ಲಿ ಒಂದನ್ನು ಆರಿಸಲು ಬಿಡಿ. ಆಮೇಲೆ ಹಟ ಕಡಿಮೆ.

ಪ್ಯಾಕಿಂಗ್ ದೊಡ್ಡ ವಿಷಯವಲ್ಲ. ದಿನಕ್ಕೊಂದು ಜೊತೆ ಬಟ್ಟೆ, ಮೇಲೆ ಎರಡು ಜೊತೆ. ಅದರಲ್ಲಿ ಒಂದು ಜೊತೆ ಡಿಕ್ಕಿಗೆ ಹೋಗದೆ ಕೈಚೀಲದಲ್ಲೇ ಇರಲಿ. ಬೆಟ್ಟಕ್ಕೆ ಹೋಗುವವರು 1000 ಮೀಟರ್ ಎತ್ತರಕ್ಕೆ ಸುಮಾರು 6 ಡಿಗ್ರಿ ತಂಪಾಗುತ್ತದೆ ಎಂದು ಲೆಕ್ಕ ಹಾಕಿ ಸ್ವೆಟರ್ ಇಟ್ಟುಕೊಳ್ಳಿ. ಥರ್ಮಾಮೀಟರ್, ಜ್ವರದ ಔಷಧಿ, ಓಆರ್‌ಎಸ್, ಬ್ಯಾಂಡೇಜ್ ಒಂದು ಡಬ್ಬಿಯಲ್ಲಿ. ನೆಟ್‌ವರ್ಕ್ ಸಿಗದ ಜಾಗವಾದರೆ ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಇಲ್ಲಿ ಮಾತ್ರ ಸಡಿಲ ಬಿಡಬೇಡಿ

ನೀರಿನ ಹತ್ತಿರ ಮಗು ಕೈಗೆಟುಕುವಷ್ಟು ದೂರದಲ್ಲೇ ಇರಬೇಕು. ಮುಳುಗುವ ಮಗು ಹೆಚ್ಚಾಗಿ ಕೂಗುವುದೇ ಇಲ್ಲ. ಗಾಳಿ ತುಂಬಿದ ತೋಳುಪಟ್ಟಿ ಆಟದ ಸಾಮಾನು, ಜೀವ ಉಳಿಸುವ ಜಾಕೆಟ್ ಅಲ್ಲ. ದೊಡ್ಡವರು ನಾಲ್ವರಿದ್ದರೆ ಎಲ್ಲರೂ ನೋಡುತ್ತಿದ್ದಾರೆ ಎಂದುಕೊಂಡು ಯಾರೂ ನೋಡುವುದಿಲ್ಲ. ಕಾಲು ಗಂಟೆಗೆ ಒಬ್ಬರು ಎಂದು ಪಾಳಿ ಹಾಕಿಕೊಳ್ಳಿ, ಆ ಹೊತ್ತಿಗೆ ಅವರ ಮೊಬೈಲ್ ಜೇಬಿನಲ್ಲಿ.

ಬಿಸಿಲಿನಲ್ಲಿ ನಿಂತ ಕಾರಿನೊಳಗೆ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಕೆ ಏರಬಹುದು. ಕಿಟಕಿಯನ್ನು ಬೆರಳಷ್ಟು ತೆರೆದಿಟ್ಟರೂ ಹೆಚ್ಚು ವ್ಯತ್ಯಾಸ ಆಗದು. ಮಲಗಿದೆ ಎಂದು ಮಗುವನ್ನು ಒಂದು ನಿಮಿಷವೂ ಒಳಗೆ ಬಿಟ್ಟು ಹೋಗಬೇಡಿ.

ಜನಜಂಗುಳಿಯ ಜಾಗಕ್ಕೆ ಹೋಗುವ ಬೆಳಿಗ್ಗೆ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬಣ್ಣದ ಅಂಗಿ ಎಂದು ಗಾಬರಿಯಲ್ಲಿ ನೆನಪಾಗುವುದಿಲ್ಲ. ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ. ತಪ್ಪಿಸಿಕೊಂಡರೆ ಹುಡುಕುತ್ತಾ ಅಲೆಯಬೇಡ, ಇದ್ದಲ್ಲೇ ನಿಂತು ನಮ್ಮನ್ನು ಹೆಸರು ಹಿಡಿದು ಕೂಗು ಎಂದು ಹೇಳಿಕೊಡಿ. ಅಮ್ಮಾ ಎಂದು ಕೂಗಿದರೆ ಹತ್ತು ಜನ ತಿರುಗುತ್ತಾರೆ.

ಭಾನುವಾರ ಇನ್ನೊಂದು ಜಾಗ ನೋಡಿಕೊಂಡೇ ಹೋಗೋಣ ಎನ್ನುವ ಆಸೆ ಬರುತ್ತದೆ. ಬೇಡ. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿರುವ ಹಾಗೆ ಹೊರಡಿ. ಸೋಮವಾರದ ಸ್ಕೂಲ್ ಬ್ಯಾಗ್, ಯೂನಿಫಾರ್ಮ್ ಎರಡನ್ನೂ ಶುಕ್ರವಾರವೇ ಜೋಡಿಸಿಟ್ಟಿದ್ದರೆ ಬಂದವರು ಕೈಕಾಲು ತೊಳೆದು ಉಂಡು ಮಲಗಬಹುದು. ಒದ್ದೆ ಬಟ್ಟೆಯ ಚೀಲವನ್ನು ಮಾತ್ರ ಅಂದೇ ಬಿಚ್ಚಿ.